ತಕ್ಕಡಿ ಹೇಳದ ಲೆಕ್ಕ

ಹತ್ತನೆಯ ಶತಮಾನದ ಮಾತು. ಸ್ಪೇನಿನ ಉತ್ತರದಲ್ಲಿ ಲಿಯೋನ್ ಎಂಬ ಕ್ರೈಸ್ತ ರಾಜ್ಯವಿತ್ತು. 956ರಲ್ಲಿ ಅದರ ಸಿಂಹಾಸನವೇರಿದ ಸಾಂಚೋ ಎಂಬ ಅರಸ ಇತಿಹಾಸದಲ್ಲಿ ಉಳಿದಿರುವುದು ‘ದಢೂತಿ ಸಾಂಚೋ’ ಎಂಬ ಹೆಸರಿನಲ್ಲೇ. ಪಟ್ಟವೇರಿದ ಎರಡೇ ವರ್ಷಗಳಲ್ಲಿ ಅವನ ಸರದಾರರು ಅವನನ್ನು ಕೆಳಗಿಳಿಸಿದರು. ಕುದುರೆ ಹತ್ತಲಾರದ, ಯುದ್ಧಕ್ಕೆ ಮುಂದೆ ನಿಲ್ಲಲಾರದ ಅರಸ ನಮಗೆ ಬೇಡ ಎಂಬುದು ಅವರ ದೂರು. ನವಾರ್ರೆಯ ರಾಣಿಯಾಗಿದ್ದ ಅವನ ಅಜ್ಜಿ ತೋದಾ ಸುಮ್ಮನೆ ಕೂರುವ ಹೆಣ್ಣಲ್ಲ. ತಮ್ಮ ಬದ್ಧವೈರಿಯಾಗಿದ್ದ ಕಾರ್ಡೋಬಾದ ಖಲೀಫ ಮೂರನೆಯ ಅಬ್ದುರ್ ರಹಮಾನನಿಗೇ ಮೊರೆಯಿಟ್ಟಳು. ಖಲೀಫನ ಆಸ್ಥಾನದಲ್ಲಿ ಹಸ್ದಾಯ್ ಇಬ್ನ್ ಶಪ್ರೂತ್ ಎಂಬ ಯಹೂದಿ ವೈದ್ಯನಿದ್ದ; ರಾಜತಂತ್ರದಲ್ಲೂ ಪಳಗಿದವನು. ಕ್ರೈಸ್ತ ಅರಸನನ್ನು ಮುಸ್ಲಿಂ ರಾಜಧಾನಿಯಲ್ಲಿ ಯಹೂದಿ ವೈದ್ಯ ಬಡಕಲಾಗಿಸಿದ. ಅರಸನ ತುಟಿಗಳನ್ನು ಹೊಲಿದು ಕೊಳವೆಯ ಮೂಲಕ ಬರೀ ದ್ರವಾಹಾರ ಕೊಟ್ಟರೆಂದೂ, ಬಲವಂತವಾಗಿ ನಡೆಸಿದರೆಂದೂ ಕಥೆಗಳು ಹೇಳುತ್ತವೆ. ಕಥೆಯಲ್ಲಿ ಉಪ್ಪುಖಾರ ಎಷ್ಟಿದೆಯೋ, ಇರಲಿ. 960ರಲ್ಲಿ ಖಲೀಫನ ಸೈನ್ಯದ ನೆರವಿನೊಂದಿಗೆ ಸಾಂಚೋ ಮರಳಿ ಸಿಂಹಾಸನ ಗಳಿಸಿಕೊಂಡದ್ದು ಮಾತ್ರ ನಿಜ.

ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ತಮ್ಮ ವಿದ್ಯೆಯ ಇತಿಹಾಸವನ್ನು ಹೇಳುವಾಗ ಬಹಳ ಸಲ ಈ ಕಥೆಯಿಂದಲೇ ಆರಂಭಿಸುತ್ತಾರೆ. ಆದರೆ ಕಥೆಯಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಸಾಂಚೋನ ಸರದಾರರು ಅವನನ್ನು ತಕ್ಕಡಿಯಲ್ಲಿ ಕೂರಿಸಿ ತೂಗಲಿಲ್ಲ. ಅವರ ಪರೀಕ್ಷೆ ಬೇರೆಯೇ ಆಗಿತ್ತು. ಕುದುರೆ ಹತ್ತಬಲ್ಲನೇ? ಜೀನಿನ ಮೇಲೆ ಕೂತು ದಿನವಿಡೀ ಸಾಗಬಲ್ಲನೇ? ಕುದುರೆ ಹತ್ತುವುದಕ್ಕೆ ಮೈ ಹಗುರವಾದರಷ್ಟೇ ಸಾಲದು. ತೊಡೆಯಲ್ಲಿ, ಸೊಂಟದಲ್ಲಿ, ತೋಳಿನಲ್ಲಿ ಕಸುವು ಬೇಕು. ತೂಕ ಇಳಿಯುವುದು ಒಂದು, ಕಸುವು ಬರುವುದು ಇನ್ನೊಂದು. ನಮ್ಮ ಭಾಷೆಗೆ ಇದು ಗೊತ್ತು. ‘ಗಟ್ಟಿಮುಟ್ಟಾಗಿದ್ದಾನೆ’ ಎಂದರೆ ಅವನು ದಪ್ಪಗಿದ್ದಾನೆ ಎಂದೂ ಅಲ್ಲ, ತೆಳ್ಳಗಿದ್ದಾನೆ ಎಂದೂ ಅಲ್ಲ. ಆದರೆ ಆಧುನಿಕ ಶಸ್ತ್ರವೈದ್ಯಕ್ಕೆ ಈ ವ್ಯತ್ಯಾಸ ಮನದಟ್ಟಾಗಲು ಹತ್ತಿರಹತ್ತಿರ ಅರ್ಧ ಶತಮಾನ ಹಿಡಿಯಿತು. ಅದಕ್ಕೆ ಬೇಕಾದ ತಿಳಿವಳಿಕೆ ಆ ಚಿಕಿತ್ಸೆ ಹುಟ್ಟಿದ ವಿಶ್ವವಿದ್ಯಾಲಯದಲ್ಲೇ, ಅದು ಹುಟ್ಟುವ ಹತ್ತು ವರ್ಷ ಮೊದಲೇ ಇತ್ತೆಂಬುದು ಸೋಜಿಗ.

ಆ ವಿಶ್ವವಿದ್ಯಾಲಯ ಅಮೆರಿಕದ ಮಿನ್ನೆಸೋಟಾದ್ದು. ಎರಡನೆಯ ಮಹಾಯುದ್ಧ ಮುಗಿಯುವ ಹಂತದಲ್ಲಿದ್ದಾಗ ಯೂರೋಪಿನ ಕೋಟ್ಯಂತರ ಜನ ಹಸಿವಿನಿಂದ ಬಳಲುತ್ತಿದ್ದರು. ಯುದ್ಧ ನಿಂತ ಮೇಲೆ ಇವರನ್ನು ಮತ್ತೆ ಮನುಷ್ಯರನ್ನಾಗಿ ಮಾಡುವುದು ಹೇಗೆ, ಎಷ್ಟು ಉಣಿಸಬೇಕು, ಏನು ಉಣಿಸಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆ್ಯನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ ಅದನ್ನು ಕಂಡುಕೊಳ್ಳಲು ಹೊರಟರು. ಧರ್ಮದ ಕಾರಣಕ್ಕೆ, ಮನಸ್ಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲೊಲ್ಲದೆ ಬೇರೆ ಸೇವೆಗೆ ನಿಯುಕ್ತರಾಗಿದ್ದ ಯುವಕರಲ್ಲಿ 36 ಮಂದಿ ತಾವಾಗಿ ಮುಂದೆ ಬಂದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಗಳಲ್ಲಿ ಕೀಸ್ ಅವರ ಪ್ರಯೋಗಶಾಲೆ. 1944ರ ನವೆಂಬರಿನಲ್ಲಿ ಪ್ರಯೋಗ ಶುರುವಾಯಿತು.

ಮೊದಲ 12 ವಾರ ಎಲ್ಲರಿಗೂ ಹೊಟ್ಟೆ ತುಂಬ ಊಟ. 1945ರ ಫೆಬ್ರವರಿಯಿಂದ 24 ವಾರ ಅರೆಹೊಟ್ಟೆ. ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಒರಟು ರೊಟ್ಟಿ, ಮ್ಯಾಕರೋನಿ. ದಿನಕ್ಕೆ ಸುಮಾರು 1,600 ಕ್ಯಾಲೊರಿ. ಇಷ್ಟು ತಿಂದು ವಾರಕ್ಕೆ 22 ಮೈಲಿ ನಡೆಯಬೇಕು. ಆರು ತಿಂಗಳಲ್ಲಿ ಅವರ ದೇಹತೂಕದ ಸುಮಾರು ಕಾಲುಭಾಗ ಕರಗಿತು. ಕೀಸ್ ಕೇವಲ ತೂಕ ನೋಡಿ ಸುಮ್ಮನಾಗಲಿಲ್ಲ. ಅಂಗೈ ಹಿಡಿತದ ಬಲ, ಬೆನ್ನಿನ ಬಲ, ಯಂತ್ರದ ಪಟ್ಟಿಯ ಮೇಲೆ ಓಡಬಲ್ಲ ಹೊತ್ತು, ಎದೆಬಡಿತ, ಮೈಯಲ್ಲಿ ಕೊಬ್ಬೆಷ್ಟು ಮಾಂಸಖಂಡವೆಷ್ಟು ಎಲ್ಲವನ್ನೂ ಅಳೆದರು. ಹಿಡಿತದ ಬಲ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ದಮ್ಮು ಹಿಡಿದು ಮಾಡಬೇಕಾದ ಕೆಲಸದ ಶಕ್ತಿಯಂತೂ ಇನ್ನೂ ಪಾತಾಳಕ್ಕಿಳಿದಿತ್ತು. ಮೆಟ್ಟಿಲು ಹತ್ತುವುದೇ ದುಡಿಮೆಯಾಯಿತು. ಪ್ರಯೋಗಕ್ಕೆ ಮುನ್ನ ಇವರೆಲ್ಲ ಆರೋಗ್ಯವಂತ ತರುಣರಾಗಿದ್ದರೆಂಬುದನ್ನು ನೆನಪಿಡಬೇಕು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ ಮುಂದಿನ ಭಾಗ. ಜುಲೈ ಕೊನೆಯಿಂದ ಅವರಿಗೆ ಮತ್ತೆ ಉಣಿಸತೊಡಗಿದರು. ತೂಕವೇನೋ ಏರುತ್ತ ಬಂತು. ಆದರೆ ಹೋದದ್ದು ಹೋದ ಕ್ರಮದಲ್ಲಿ ಬರಲಿಲ್ಲ. ಕೊಬ್ಬು ಬೇಗ ಬಂತು, ಮಾಂಸಖಂಡ ನಿಧಾನವಾಗಿ ಬಂತು. ಕೆಲವು ತಿಂಗಳುಗಳಲ್ಲಿ ಎಷ್ಟೋ ಮಂದಿಯ ಕೊಬ್ಬು ಮೊದಲಿದ್ದುದಕ್ಕಿಂತ ಹೆಚ್ಚಾಗಿತ್ತು. ಕಸುವು ಮಾತ್ರ ಹಿಂದುಳಿದಿತ್ತು. ತಕ್ಕಡಿ ‘ನೀನು ಗುಣವಾದೆ’ ಎನ್ನುತ್ತಿದ್ದಾಗ ಕಾಲುಗಳು ‘ಇನ್ನೂ ಇಲ್ಲ’ ಎನ್ನುತ್ತಿದ್ದವು. ಇವೆಲ್ಲವೂ 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಪ್ರಕಟವಾದವು. ಹಸಿವಿನ ಶರೀರಶಾಸ್ತ್ರದ ಬಗ್ಗೆ ಇಂದಿಗೂ ಅದಕ್ಕೆ ಸಮನಾದ ಗ್ರಂಥ ಕಡಿಮೆ.

ಅದಾಗಿ ನಾಲ್ಕೇ ವರ್ಷ. 1954ರಲ್ಲಿ ಅದೇ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ವಿಭಾಗದ ಆರ್ನಾಲ್ಡ್ ಕ್ರೆಮೆನ್, ಜಾನ್ ಲಿನ್ನರ್ ಮತ್ತು ಅವರ ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ನಾಯಿಗಳ ಸಣ್ಣಕರುಳಿನ ಯಾವ ಭಾಗ ಆಹಾರದ ಯಾವ ಅಂಶವನ್ನು ಹೀರುತ್ತದೆ ಎಂಬುದು ಅವರ ಅಧ್ಯಯನ. ಅದರ ಬೆನ್ನಿಗೇ ಬಂದ ಆಲೋಚನೆ ಸರಳವಾದದ್ದು. ಕರುಳಿನ ಬಹುಪಾಲನ್ನು ದಾಟಿಸಿ ಆಹಾರವನ್ನು ಅಡ್ಡದಾರಿಯಲ್ಲಿ ಕಳಿಸಿಬಿಟ್ಟರೆ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ! ಬೊಜ್ಜಿಗೆ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಹೀಗೆ. 1960ರ ದಶಕದ ಕೊನೆಯ ಹೊತ್ತಿಗೆ ರೂಢಿಗೆ ಬಂದ ಮಾದರಿಯಲ್ಲಿ ಸಣ್ಣಕರುಳಿನ ಮೊದಲ 14 ಅಂಗುಲವನ್ನು ಕೊನೆಯ ನಾಲ್ಕು ಅಂಗುಲಕ್ಕೆ ಜೋಡಿಸುತ್ತಿದ್ದರು. ಇಪ್ಪತ್ತು ಅಡಿ ಉದ್ದದ ಕರುಳಿನಲ್ಲಿ ಆಹಾರ ಹಾಯುತ್ತಿದ್ದುದು ಕೇವಲ ಒಂದೂವರೆ ಅಡಿ.

ತೂಕ ಇಳಿಯಿತು. ಕರುಳು ಹೀರದೆ ಬಿಟ್ಟದ್ದು ಸಕ್ಕರೆ, ಕೊಬ್ಬುಗಳನ್ನಷ್ಟೇ ಅಲ್ಲ. ಪ್ರೋಟೀನು, ಜೀವಸತ್ವ, ಲವಣಗಳನ್ನೂ. ಬೇಧಿ ನಿಲ್ಲದಾಯಿತು. ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ಕೆಲವರಿಗೆ ಯಕೃತ್ತೇ ಕೆಟ್ಟು ಸಾವು. 1980ರ ಹೊತ್ತಿಗೆ ವೈದ್ಯರು ಆ ವಿಧಾನವನ್ನು ಕೈಬಿಟ್ಟರು, ಮಾಡಿದ್ದನ್ನು ಎಷ್ಟೋ ಮಂದಿಯಲ್ಲಿ ಬಿಚ್ಚಿ ಮೊದಲಿನಂತೆ ಮಾಡಬೇಕಾಯಿತು. ಒಂದೇ ಆವರಣದಲ್ಲಿದ್ದ ಎರಡು ವಿಭಾಗಗಳು ಪರಸ್ಪರ ಓದಿಕೊಂಡಿದ್ದರೆ ಈ ಸಂಕಟವೆಲ್ಲ ತಪ್ಪುತ್ತಿತ್ತೆಂದು ಹೇಳುವುದು ಅತಿಯಾದೀತು. ಆದರೆ ತೂಕ ಇಳಿದಾಗ ಏನೇನು ಇಳಿಯುತ್ತದೆ ಎಂಬ ಪ್ರಶ್ನೆಯನ್ನಾದರೂ ಅವರು ಮೊದಲೇ ಕೇಳಬಹುದಿತ್ತೆಂಬುದು ನನ್ನ ಅನಿಸಿಕೆ.

ಇಂದು ಉಳಿದುಬಂದಿರುವ ದಾರಿ ತೆರೆದವರು ಎಡ್ವರ್ಡ್ ಮೇಸನ್. ಇವರೂ ಮಿನ್ನೆಸೋಟಾದಲ್ಲೇ ಶಸ್ತ್ರವಿದ್ಯೆ ಕಲಿತು ಆಯೋವಾ ವಿಶ್ವವಿದ್ಯಾಲಯಕ್ಕೆ ಹೋದವರು. ಹುಣ್ಣಿನ ಕಾರಣಕ್ಕೆ ಜಠರದ ಹೆಚ್ಚಿನ ಭಾಗವನ್ನು ತೆಗೆಸಿಕೊಂಡ ರೋಗಿಗಳು ಆಮೇಲೆ ಮೈ ತುಂಬಿಕೊಳ್ಳುವುದೇ ಇಲ್ಲ ಎಂಬುದನ್ನು ಅವರು ಗಮನಿಸಿದರು. 1966ರಲ್ಲಿ ಚಿಕಾಶಿ ಇಟೋ ಅವರೊಡನೆ ಸೇರಿ ಜಠರವನ್ನೇ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ‘ಗ್ಯಾಸ್ಟ್ರಿಕ್ ಬೈಪಾಸ್’ ಆರಂಭಿಸಿದರು. ಅದು ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಜಠರವನ್ನು ಉದ್ದಕ್ಕೆ ಕತ್ತರಿಸಿ ಬಾಳೆಹಣ್ಣಿನ ಆಕಾರದ ತೋಳಿನಂತೆ ಉಳಿಸುವ ‘ಸ್ಲೀವ್’ ವಿಧಾನ ಈ ಶತಮಾನದಲ್ಲಿ ಅದನ್ನು ಹಿಂದಿಕ್ಕಿದೆ. 1994ರಿಂದ ಹೊಟ್ಟೆಯನ್ನು ಪೂರ್ತಿ ಸೀಳದೆ ದುರ್ಬೀನು ತೂರಿಸಿ ಬೈಪಾಸ್ ಮಾಡುವ ಕ್ರಮವೂ ಬಂತು. 1995ರಲ್ಲಿ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು, ಈ ಚಿಕಿತ್ಸೆಯ ನಂತರ ಹೆಚ್ಚಿನ ರೋಗಿಗಳ ಸಿಹಿಮೂತ್ರವೇ ಹತೋಟಿಗೆ ಬರುತ್ತದೆ ಎಂದು ತೋರಿಸಿದ ಮೇಲಂತೂ ಇದನ್ನು ಬರೀ ಸೌಂದರ್ಯದ ಹುಚ್ಚು ಎಂದು ತಳ್ಳಿಹಾಕುವಂತಿರಲಿಲ್ಲ. ಪ್ರಾಣ ಉಳಿಸುವ ಚಿಕಿತ್ಸೆಯೇ ಅದು. ಅದರ ಮೇಲೆ ನನ್ನ ತಕರಾರಿಲ್ಲ.

ತಕರಾರಿರುವುದು ಗೆಲುವನ್ನು ಅಳೆದ ಬಗೆಯ ಮೇಲೆ. ಹೆಚ್ಚುವರಿ ತೂಕದಲ್ಲಿ ಅರ್ಧದಷ್ಟು ಕರಗಿದರೆ ಚಿಕಿತ್ಸೆ ಯಶಸ್ವಿ, ಕರಗದಿದ್ದರೆ ಸೋಲು ಎಂಬ ಲೆಕ್ಕ ದಶಕಗಳ ಕಾಲ ನಡೆಯಿತು. ಕರಗಿದ್ದು ಕೊಬ್ಬೋ ಮಾಂಸಖಂಡವೋ ಎಂದು ಆ ಲೆಕ್ಕ ಕೇಳುವುದಿಲ್ಲ. ಯಾರಿಗೆ ಚಿಕಿತ್ಸೆ ಮಾಡಬೇಕು ಎಂಬ ನಿರ್ಧಾರವೂ ಹಾಗೆಯೇ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಸೂತ್ರವನ್ನು ಬೆಲ್ಜಿಯಮ್ಮಿನ ಗಣಿತಜ್ಞ ಕೆಟ್ಲೆ 1830ರ ದಶಕದಲ್ಲೇ ಹೇಳಿದ್ದ. 1972ರಲ್ಲಿ ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’, ಅಂದರೆ ಬಿಎಂಐ ಎಂದು ಹೆಸರಿಟ್ಟು ಚಲಾವಣೆಗೆ ತಂದವರು ಯಾರು? ಅದೇ ಆ್ಯನ್ಸೆಲ್ ಕೀಸ್! ಒಬ್ಬ ಮನುಷ್ಯನ ಮೈಯಲ್ಲಿ ಕೊಬ್ಬು ಬೇರೆ, ಕಸುವು ಬೇರೆ ಎಂದು ಲೋಕಕ್ಕೆ ಅಳೆದು ತೋರಿಸಿದವರೇ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತೂಗುವ ಅಂಕಿಯನ್ನೂ ಕೊಟ್ಟರು. ದೊಡ್ಡ ಜನಸಮೂಹಗಳನ್ನು ಹೋಲಿಸಲು ಅವರಿಗೆ ಸುಲಭದ ಅಳತೆಯೊಂದು ಬೇಕಿತ್ತು, ಅಷ್ಟೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಅದೇ ಅಂಕಿಯನ್ನು ಹಿಡಿದು, 40 ದಾಟಿದವರಿಗೆ, ಇಲ್ಲವೇ ಬೇರೆ ಕಾಯಿಲೆಯಿದ್ದು 35 ದಾಟಿದವರಿಗೆ ಶಸ್ತ್ರಚಿಕಿತ್ಸೆ ಎಂದು ಗೆರೆ ಎಳೆಯಿತು. (ಕೀಸ್, ಮೇಸನ್ ಇಬ್ಬರೂ ನೂರು ವರ್ಷ ತುಂಬಿಸಿ ತೀರಿಕೊಂಡರು; ಒಬ್ಬರು 2004ರಲ್ಲಿ, ಇನ್ನೊಬ್ಬರು 2020ರಲ್ಲಿ.)

ಇನ್ನು ಕಸುವಿನ ಕಡೆಯ ಕಥೆ. ಅದು ಬೇರೊಂದು ಬಾಗಿಲಿನಿಂದ ಆಸ್ಪತ್ರೆಯ ಒಳಗೆ ಬಂತು.

ಹೊಟ್ಟೆ ಕೊಯ್ದವರು ಎರಡು ಮೂರು ವಾರ ಹಾಸಿಗೆ ಬಿಟ್ಟು ಏಳಕೂಡದು ಎಂಬುದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವೈದ್ಯಲೋಕದ ಕಟ್ಟಳೆ. ಹೊಲಿಗೆ ಬಿಟ್ಟೀತೆಂಬ ಹೆದರಿಕೆ. ಡೆಟ್ರಾಯಿಟ್ಟಿನ ಡೇನಿಯಲ್ ಲೈತೌಸರ್ ಎಂಬ ಶಸ್ತ್ರವೈದ್ಯರು ಇದನ್ನು ಮುರಿದರು. ರೋಗಿಗಳನ್ನು ಬೇಗ ಎಬ್ಬಿಸಿ ನಡೆಸಿದರೆ ಶ್ವಾಸಕೋಶದ ತೊಂದರೆಗಳೂ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಕಡಿಮೆಯಾಗುತ್ತವೆ ಎಂದು ಅವರು ವಾದಿಸಿ 1946ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಯುದ್ಧದಿಂದಾಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳೂ ದಾದಿಯರೂ ಸಾಲದೆ ಬಂದದ್ದು ಅವರ ವಾದಕ್ಕೆ ಅನುಕೂಲವಾಯಿತೆನ್ನಬೇಕು. 1948ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯರು ಆರೋಗ್ಯವಂತ ಯುವಕರ ಸೊಂಟದಿಂದ ಕೆಳಕ್ಕೆ ಪ್ಲಾಸ್ಟರ್ ಕಟ್ಟಿ ಆರೇಳು ವಾರ ಮಲಗಿಸಿ, ಯಾವ ಕಾಯಿಲೆಯೂ ಇಲ್ಲದೆ ಬರೀ ಮಲಗಿದ್ದರಿಂದಲೇ ಮಾಂಸಖಂಡ ಕರಗುವುದನ್ನು ಅಳೆದು ತೋರಿಸಿದರು.

ನಡೆಯುವುದಾಯಿತು, ಭಾರ ಎತ್ತುವುದು? ಅಲ್ಲಿ ಇನ್ನೊಬ್ಬ ಮನುಷ್ಯನ ಪ್ರವೇಶ. ಥಾಮಸ್ ಡಿಲೋರ್ಮ್ ಎಂಬಾತ ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ಗುಣವಾದ ಮೇಲೆ ಭಾರ ಎತ್ತುವ ಅಭ್ಯಾಸದಿಂದಲೇ ಮೈ ಕಟ್ಟಿಕೊಂಡ. ಅದು ಅಂಗಸಾಧನೆಯ ಹುರುಪು ಲೋಕವಿಡೀ ಹಬ್ಬಿದ್ದ ಕಾಲ. ನಮ್ಮ ಬೆಂಗಳೂರಿನಲ್ಲೇ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಗುಂಡುಗಳನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸುತ್ತ, ಅಂಚೆಯ ಮೂಲಕ ದೂರದೂರದವರಿಗೆ ಪಾಠ ಕಳಿಸುತ್ತಿದ್ದರು. ‘ಶಾಂತಲಾ’ ಬರೆದ ಅಯ್ಯರ್ ಇವರೇ ಎಂದು ಇಂದಿನ ಓದುಗರಿಗೆ ನೆನಪಿಸಬೇಕಾದೀತು. ಆದರೆ ವೈದ್ಯರ ಕಣ್ಣಿಗೆ ಇದೆಲ್ಲ ಪೈಲ್ವಾನರ ಗೀಳು. ಕಾಯಿಲೆಯವರು ಭಾರ ಎತ್ತುವುದೆಂದರೆ ಹುಚ್ಚು. ಡಿಲೋರ್ಮ್ ವೈದ್ಯನಾಗಿ ಸೈನ್ಯ ಸೇರಿ, ಶಿಕಾಗೋದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿ ಮೊಣಕಾಲು ಕೆಟ್ಟು ಬಂದ ಸೈನಿಕರನ್ನು ನೋಡಿಕೊಳ್ಳತೊಡಗಿದಾಗ, ಹಗುರ ಕಸರತ್ತನ್ನು ನೂರು ಸಲ ಮಾಡಿಸುವ ರೂಢಿಯನ್ನು ಬಿಟ್ಟು, ಹತ್ತೇ ಸಲ ಎತ್ತಲಾಗುವಷ್ಟು ಭಾರವನ್ನು ಕಾಲಿಗೆ ಕಟ್ಟಿ ಎತ್ತಿಸಿದ. ವಾರವಾರವೂ ಭಾರ ಏರಿಸಿದ. ಕೃಶವಾಗಿದ್ದ ತೊಡೆಗಳು ತುಂಬಿಕೊಂಡವು. 1945ರಲ್ಲಿ ಪ್ರಕಟವಾದ ಅವನ ಪ್ರಬಂಧವೇ ಇಂದಿನ ಎಲ್ಲ ಪುನಶ್ಚೇತನ ವ್ಯಾಯಾಮಗಳ ತಾಯಿಬೇರು.

ನಮ್ಮ ಗರಡಿಯ ಉಸ್ತಾದರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ. ಹೊಸ ಹುಡುಗನಿಗೆ ಮೊದಲ ದಿನವೇ ದೊಡ್ಡ ಗದೆ ಕೊಡುವವರು ಯಾರೂ ಇಲ್ಲ. ಇಂತಿಷ್ಟು ಬಸ್ಕಿ, ಇಂತಿಷ್ಟು ದಂಡ, ಹೊಂದಿಕೊಂಡ ಮೇಲೆ ಇನ್ನಷ್ಟು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರೂ ಸಣ್ಣ ಕಲ್ಲಿನಿಂದಲೇ ಶುರು ಮಾಡುತ್ತಾರೆ. ಡಿಲೋರ್ಮ್ ಮಾಡಿದ್ದು ಇದಕ್ಕೆ ಅಳತೆಯನ್ನು, ದಾಖಲೆಯನ್ನು, ಅದಕ್ಕಿಂತ ಹೆಚ್ಚಾಗಿ ವೈದ್ಯರ ಒಪ್ಪಿಗೆಯನ್ನು ತಂದುಕೊಟ್ಟದ್ದು.

ಹೀಗೆ 1950ರ ಹೊತ್ತಿಗೇ ಎಲ್ಲ ಸಾಮಗ್ರಿಯೂ ಸಿದ್ಧವಿತ್ತು. ತೂಕ ಕರಗಿದಾಗ ಮಾಂಸಖಂಡವೂ ಕರಗುತ್ತದೆ ಎಂಬ ತಿಳಿವಳಿಕೆ ಒಂದು ಕಡೆ, ಮಾಂಸಖಂಡವನ್ನು ಮತ್ತೆ ಕಟ್ಟುವ ಉಪಾಯ ಇನ್ನೊಂದು ಕಡೆ. ಇವೆರಡನ್ನು ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮೇಲೆ ಒಟ್ಟಿಗೆ ಇಟ್ಟು ನೋಡುವ ಗಂಭೀರ ಅಧ್ಯಯನಗಳು ಹೆಚ್ಚಾಗಿ ಬಂದದ್ದು 2000ದ ಈಚೆಗೆ.

ಅವು ಹೇಳುವುದೇನು? ಚಿಕಿತ್ಸೆಯ ನಂತರ ಇಳಿಯುವ ತೂಕದಲ್ಲಿ ಸುಮಾರು ಐದನೇ ಒಂದರಿಂದ ಮೂರನೇ ಒಂದು ಪಾಲು ಕೊಬ್ಬಲ್ಲ. ಮೈಯೊಳಗಿನ ನೀರನ್ನೂ ಕೂಡಿಕೊಂಡು ಮಾಂಸಖಂಡ ಮುಂತಾದ ‘ಗಟ್ಟಿ’ ಭಾಗ ಅದು. ಅದರಲ್ಲೂ ದೊಡ್ಡ ಪಾಲು ಹೋಗುವುದು ಮೊದಲ ಮೂರು ತಿಂಗಳಲ್ಲೇ, ಅಂದರೆ ರೋಗಿಗೆ ತುತ್ತು ಇಳಿಯುವುದೇ ಕಷ್ಟವಾಗಿರುವ ದಿನಗಳಲ್ಲಿ. ಎಲ್ಲವೂ ನಷ್ಟವಲ್ಲ. ನೂರಮೂವತ್ತು ಕಿಲೋ ಹೊತ್ತು ತಿರುಗುವ ಮನುಷ್ಯನ ತೊಡೆ, ಮೀನಖಂಡಗಳು ಆ ಭಾರಕ್ಕಾಗಿಯೇ ದಪ್ಪಗೆ ಬೆಳೆದಿರುತ್ತವೆ. ಭಾರ ಇಳಿದ ಮೇಲೆ ಅಷ್ಟು ಬೇಕಾಗಿಯೂ ಇಲ್ಲ. ಮೈಯಲ್ಲಿ ಕೊಬ್ಬಿನ ದಾಸ್ತಾನು ಹೆಚ್ಚಿದ್ದರೆ ದೇಹ ಮಾಂಸಖಂಡವನ್ನು ಮಿನ್ನೆಸೋಟಾದ ತೆಳ್ಳಗಿನ ಯುವಕರಷ್ಟು ಧಾರಾಳವಾಗಿ ಸುಡುವುದೂ ಇಲ್ಲ. ಹಾಗಾಗಿ ಒಟ್ಟು ಬಲ ತಗ್ಗಿದರೂ, ತನ್ನ ತೂಕಕ್ಕೆ ಹೋಲಿಸಿದರೆ ಬಲ ಹೆಚ್ಚಿರುತ್ತದೆ. ಹೆಚ್ಚಿನವರು ಮೊದಲಿಗಿಂತ ದೂರ ನಡೆಯುತ್ತಾರೆ, ಮೆಟ್ಟಿಲು ಸಲೀಸಾಗಿ ಹತ್ತುತ್ತಾರೆ. ಈ ಸುಧಾರಣೆಯೇ ಒಂದು ಮೋಸವೂ ಹೌದು. ವಯಸ್ಸಾದವರು, ಮೊದಲೇ ಸ್ನಾಯುಬಲ ಕಡಿಮೆಯಿದ್ದವರು ಈ ಇಳಿತದಲ್ಲಿ ಕಳೆದುಕೊಂಡದ್ದು ಹತ್ತು ವರ್ಷಗಳ ಮೇಲೆ ಬಿದ್ದು ಮೂಳೆ ಮುರಿದಾಗ ಬೆಳಕಿಗೆ ಬರಬಹುದು.

ತೂಕ ಇಳಿದರೆ ಜನ ತಾವಾಗಿಯೇ ಓಡಾಡತೊಡಗುತ್ತಾರೆ ಎಂಬ ನಂಬಿಕೆಯೂ ಅರ್ಧ ನಿಜ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನವೊಂದರಲ್ಲಿ ರೋಗಿಗಳ ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿದರು. 2012ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಒಂದು ವರ್ಷದ ಬಳಿಕ ಹೆಚ್ಚಿನವರ ಓಡಾಟ ಹೆಚ್ಚಿತ್ತು. ಆದರೆ ಸುಮಾರು ಕಾಲುಭಾಗದಷ್ಟು ಮಂದಿ ಮೊದಲಿಗಿಂತಲೂ ಕಡಿಮೆ ಓಡಾಡುತ್ತಿದ್ದರು. ವರ್ಷಾನುಗಟ್ಟಲೆ ಕೂತ ಅಭ್ಯಾಸ ಜಠರದಲ್ಲಿರುವುದಿಲ್ಲ, ಕತ್ತರಿಸಿ ತೆಗೆಯಲು.

ವ್ಯಾಯಾಮ ಮಾಡಿಸಿದರೆ? 2015ರಲ್ಲಿ ಅಮೆರಿಕದ ಸಂಶೋಧಕರು ಬೈಪಾಸ್ ಆದ 128 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ಕ್ರಮಬದ್ಧ ವ್ಯಾಯಾಮ, ಇನ್ನೊಂದಕ್ಕೆ ಆರೋಗ್ಯದ ತಿಳಿವಳಿಕೆ ಮಾತ್ರ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪುಗಳ ತೂಕ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ತಕ್ಕಡಿಯನ್ನು ಕೇಳಿದರೆ ವ್ಯಾಯಾಮದಿಂದ ಏನೂ ಲಾಭವಿಲ್ಲ ಎಂದೇ ಉತ್ತರ. ಆದರೆ ವ್ಯಾಯಾಮ ಮಾಡಿದವರ ದಮ್ಮು ಹೆಚ್ಚಿತ್ತು, ಅವರ ದೇಹ ಇನ್ಸುಲಿನ್ನಿಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತಿತ್ತು. 2018ರಲ್ಲಿ ಪ್ಯಾರಿಸ್ಸಿನ ವೈದ್ಯರು 76 ಮಹಿಳೆಯರಲ್ಲಿ ಭಾರ ಎತ್ತುವ ವ್ಯಾಯಾಮವನ್ನೇ ಪರೀಕ್ಷಿಸಿದರು. ಹೆಚ್ಚು ಪ್ರೋಟೀನು ಕೊಟ್ಟು 18 ವಾರ ಅಭ್ಯಾಸ ಮಾಡಿಸಿದರೂ ಗಟ್ಟಿ ಭಾಗದ ಇಳಿತವನ್ನು ತಡೆಯಲಾಗಲಿಲ್ಲ. ಇದನ್ನು ಮುಚ್ಚಿಡಬಾರದು; ಜಿಮ್ಮಿನವರ ಜಾಹೀರಾತು ಹೇಳುವಷ್ಟು ಸುಲಭವಲ್ಲ ವಿಷಯ. ಆದರೆ ಅಭ್ಯಾಸ ಮಾಡಿದವರ ಕಾಲಿನ ಬಲ ಉಳಿದವರಿಗಿಂತ ಹೆಚ್ಚಿತ್ತು. ಮಾಂಸ ಅಷ್ಟೇ ಕರಗಿದರೂ ಉಳಿದ ಮಾಂಸ ಹೆಚ್ಚು ಕೆಲಸ ಮಾಡುವುದನ್ನು ಕಲಿತಿತ್ತು.

ಅಮೆರಿಕದ ತಜ್ಞಸಂಘಗಳು 2013ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಮಿತ ವ್ಯಾಯಾಮ, ಸಾಧ್ಯವಾದರೆ 300 ನಿಮಿಷ, ಜೊತೆಗೆ ವಾರದಲ್ಲಿ ಎರಡು ಮೂರು ಸಲ ಬಲ ಬೆಳೆಸುವ ಅಭ್ಯಾಸ ಎಂದು ಸ್ಪಷ್ಟವಾಗಿ ಬರೆಯಲಾಯಿತು. ಹಾಗೆಂದು ಹೊಲಿಗೆ ಬಿಚ್ಚಿದ ಮರುದಿನವೇ ಗುಂಡು ಎತ್ತುವುದಲ್ಲ. ಚಿಕಿತ್ಸೆಯ ದಿನ ಇಲ್ಲವೇ ಮರುದಿನವೇ ವಾರ್ಡಿನ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ. ಆಮೇಲೆ ಕೆಲವು ವಾರ ಬರೀ ನಡಿಗೆ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು. ಹೊಟ್ಟೆಯ ಗೋಡೆ ಮಾಯುವವರೆಗೆ, ಸಾಮಾನ್ಯವಾಗಿ ತಿಂಗಳು ಒಂದೂವರೆ ತಿಂಗಳು, ತುಂಬಿದ ಕೊಡ ಎತ್ತುವುದಕ್ಕೂ ವೈದ್ಯರ ಅನುಮತಿಯಿಲ್ಲ. ಅದಾದ ಮೇಲೆ ಅವರನ್ನು ಕೇಳಿಕೊಂಡು ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಅಂಗೈಯೊತ್ತಿ ದಂಡ ಹೊಡೆಯುವುದು, ರಬ್ಬರ್ ಪಟ್ಟಿ ಎಳೆಯುವುದು, ಕೊನೆಗೆ ಭಾರ. ಕುರ್ಚಿಯಿಂದ ಎದ್ದು ಕೂರುವುದೆಂದರೆ ಅರ್ಧ ಬಸ್ಕಿಯೇ ತಾನೆ. ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂತರು ಎಂದು ಎಣಿಸುವುದು ಈಗ ಆಸ್ಪತ್ರೆಗಳಲ್ಲಿ ಒಪ್ಪಿತವಾದ ಪರೀಕ್ಷೆ. ತೂಕದ ಯಂತ್ರದ ಪಕ್ಕದಲ್ಲಿ ಅಂಗೈ ಹಿಡಿತ ಅಳೆಯುವ ಉಪಕರಣವೂ ಕೆಲವೆಡೆ ಬಂದು ಕೂತಿದೆ.

ಬೆಂಗಳೂರು, ಮಂಗಳೂರುಗಳಂಥ ನಗರಗಳ ಆಸ್ಪತ್ರೆಗಳಲ್ಲೂ ಇಂದು ಈ ಶಸ್ತ್ರಚಿಕಿತ್ಸೆ ನಡೆಯುತ್ತಿರುವುದರಿಂದ ನಮ್ಮವರ ವಿಚಾರವನ್ನು ಹೇಳದಿದ್ದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3, ದಶಾಂಶವೂ ತಪ್ಪದಂತೆ ಒಂದೇ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯನಲ್ಲಿ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ. ಈ ಕಾರಣಕ್ಕೇ ಏಷ್ಯಾದವರಿಗೆ ಬೊಜ್ಜಿನ ಗೆರೆಯನ್ನು ಕೆಳಕ್ಕೆ ಇಳಿಸಿದ್ದಾರೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ನಮ್ಮಂಥವರಿಗೆ 27.5 ದಾಟಿದರೂ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಗೆರೆ ಇಳಿದಷ್ಟೂ ಕಡಿಮೆ ಬಂಡವಾಳದ ಮಾಂಸಖಂಡದವರು ಈ ಚಿಕಿತ್ಸೆಗೆ ಬರುತ್ತಾರೆ ಎಂಬುದನ್ನು ಮಾತ್ರ ಯಾರೂ ಜೋರಾಗಿ ಹೇಳುತ್ತಿಲ್ಲ.

ಇನ್ನು ಊಟ. ಮಾಂಸಖಂಡ ಉಳಿಯಲು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಬೈಪಾಸ್ ಆದವರ ಹೊಸ ಜಠರ ಹಿಡಿಸುವುದು ಆರಂಭದಲ್ಲಿ ಸುಮಾರು 30 ಮಿಲಿಲೀಟರು. ಔಷಧದ ಬಾಟಲಿಯ ಮುಚ್ಚಳದಲ್ಲಿ ಮೂರು ಸಲ ಅಳೆದರೆ ಆಯಿತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಒಂದು ದೊಡ್ಡ ಲೋಟ ಹಾಲಿನಲ್ಲಿ ಆರೇಳು ಗ್ರಾಂ. ಮೊಟ್ಟೆಯನ್ನೂ ಮುಟ್ಟದ ಮನೆಯವರು ಬೇಳೆ, ಮೊಸರು, ಪನ್ನೀರು, ಸೋಯಾಗಳಿಂದ ಈ ಅರವತ್ತನ್ನು ತುಂಬಿಸಬೇಕು. ನಮ್ಮಲ್ಲಿ ಕಾಯಿಲೆಯಿಂದ ಎದ್ದವರಿಗೆ ಕೊಡುವುದಾದರೂ ಏನು? ಗಂಜಿ, ತಿಳಿಸಾರು, ಮೆತ್ತನೆಯ ಅನ್ನ. ಹೊಟ್ಟೆಗೆ ಹಿತ, ನಿಜ. ಆದರೆ ತಿಳಿಸಾರೆಂದರೆ ಬೇಳೆಯನ್ನು ಪಾತ್ರೆಯಲ್ಲೇ ಉಳಿಸಿ ಮೇಲಿನ ಕಟ್ಟನ್ನು ಬಡಿಸುವುದು; ಪ್ರೋಟೀನು ತಳದಲ್ಲೇ ಉಳಿಯುತ್ತದೆ. ಆದ್ದರಿಂದಲೇ ಪಥ್ಯ ಹೇಳುವವರು ಊಟದ ಕ್ರಮವನ್ನೇ ತಿರುಗಿಸಲು ಹೇಳುತ್ತಾರೆ: ಮೊದಲು ಬೇಳೆ, ಮೊಸರು, ಮೊಟ್ಟೆ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ ಅಥವಾ ಮುದ್ದೆ. ಇದರ ಜೊತೆಗೆ ಕಬ್ಬಿಣ, ಬಿ12, ಬಿ1, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಬಹುಮಟ್ಟಿಗೆ ಜೀವನಪೂರ್ತಿ. ಮೊದಲ ತಿಂಗಳುಗಳಲ್ಲಿ ವಾಂತಿ ನಿಲ್ಲದೆ ಬಿ1 ಬರಿದಾದರೆ ಕಾಲುಗಳೇ ಸೋತುಹೋಗಬಹುದು. ಅದು ವ್ಯಾಯಾಮದಿಂದ ಸರಿಹೋಗುವ ನಿಶ್ಶಕ್ತಿಯಲ್ಲ, ಕೂಡಲೇ ವೈದ್ಯರ ಬಳಿಗೆ ಓಡಬೇಕಾದ ನಿಶ್ಶಕ್ತಿ.

ಮನೆಯವರ ಪ್ರೀತಿಯೂ ಇಲ್ಲಿ ಒಂದು ತೊಡಕು. ‘ಅಷ್ಟು ದೊಡ್ಡ ಆಪರೇಷನ್ ಆಗಿದೆ, ಸುಮ್ನೆ ಮಲಗಿರೋ’ ಎನ್ನದ ತಾಯಿ ಎಲ್ಲಿದ್ದಾಳೆ? ಮೂರು ತಿಂಗಳ ಮೇಲೆ ಮದುವೆಮನೆಯಲ್ಲಿ ಕಂಡವರೆಲ್ಲ ‘ಏನಮ್ಮಾ, ಇಷ್ಟೊಂದು ಸೊರಗಿಹೋಗಿದ್ದೀಯಾ!’ ಎನ್ನುತ್ತಾರೆ, ಹೋಳಿಗೆ ಬಡಿಸುತ್ತಾರೆ. ಹೆಂಗಸರಿಗೆ ಇನ್ನೂ ಕಷ್ಟ. ಬೆಳಗಿನ ನಡಿಗೆಗೆ ಹೋಗಲು ಒಪ್ಪುವ ಮನೆಗಳೂ ಡಂಬೆಲ್ಲು ಹಿಡಿಯುವ ಸೊಸೆಯನ್ನು ಕಂಡು ನಗುತ್ತವೆ. ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಸುರಿದವರು ತಿಂಗಳಿಗೆ ನಾಲ್ಕು ಸಲ ಫಿಸಿಯೋಥೆರಪಿಯವರ ಬಳಿ ಹೋಗಲು ಲೆಕ್ಕ ಹಾಕುವುದನ್ನು ಕಂಡಿದ್ದೇನೆ. ಆಸ್ಪತ್ರೆಗಳೂ ಹಾಗೆಯೇ. ಅವು ಜಾಹೀರಾತಿನಲ್ಲಿ ಹಾಕುವುದು ಮುಂಚಿನ ಚಿತ್ರ, ಆಮೇಲಿನ ಚಿತ್ರ. ಎರಡನೆಯ ಚಿತ್ರದಲ್ಲಿರುವಾತ ನೆಲದ ಮೇಲೆ ಕೂತು ಕೈಯೂರದೆ ಏಳಬಲ್ಲನೇ ಎಂದು ಚಿತ್ರ ಹೇಳುವುದಿಲ್ಲ.

ಈಗ ಇದೇ ಪ್ರಶ್ನೆ ಹೊಸ ವೇಷದಲ್ಲಿ ಬಂದಿದೆ. ಹಸಿವನ್ನೇ ಅಡಗಿಸುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕದಲ್ಲಿ ಬೊಜ್ಜಿನ ಚಿಕಿತ್ಸೆಗೆಂದು ಒಪ್ಪಿಗೆ ಸಿಕ್ಕಿತು. ಆ ಬಗೆಯ ಔಷಧಗಳು 2025ರಲ್ಲಿ ತೂಕ ಇಳಿಸಲೆಂದೇ ಭಾರತದ ಮಾರುಕಟ್ಟೆಗೂ ಬಂದವು. ಕತ್ತಿಯಿಲ್ಲ, ಹೊಲಿಗೆಯಿಲ್ಲ, ವಾರಕ್ಕೊಂದು ಸೂಜಿ. ಆ ಔಷಧದ ದೊಡ್ಡ ಪ್ರಯೋಗದಲ್ಲಿ 140 ಮಂದಿಯ ದೇಹವನ್ನು ಕ್ಷಕಿರಣ ಹಾಯಿಸಿ, ಕೊಬ್ಬೆಷ್ಟು, ಗಟ್ಟಿ ಭಾಗವೆಷ್ಟು ಎಂದು ಬಿಡಿಸಿ ನೋಡಿದ್ದರು. ಇಳಿದ ತೂಕದಲ್ಲಿ ಐದನೇ ಎರಡು ಪಾಲಿನಷ್ಟು ಕೊಬ್ಬಾಗಿರಲಿಲ್ಲ. ಔಷಧ ಕಂಪನಿಗಳು ಈಗ ಮಾಂಸಖಂಡವನ್ನು ಉಳಿಸುವ ಇನ್ನೊಂದು ಔಷಧವನ್ನು ಹುಡುಕುತ್ತಿವೆ. ಅದು ಸಿಗುವವರೆಗೆ ವೈದ್ಯರು ಚೀಟಿಯಲ್ಲಿ ಬರೆಯಬಹುದಾದದ್ದು ಡಿಲೋರ್ಮ್ ಸೈನಿಕರಿಂದ ಮಾಡಿಸಿದ ಅದೇ ಅಭ್ಯಾಸ: ಹತ್ತು ಸಲ ಎತ್ತಲಾಗುವಷ್ಟು ಭಾರ, ಹೊಂದಿಕೊಂಡ ಮೇಲೆ ಇನ್ನಷ್ಟು.